ಸಹಕಾರ ಸಂಘಗಳ ಗಿಡಮೂಲಿಕೆ ಚಹಾ: ಯಾವ ಮುದ್ರೆ, ಯಾವ ಮೂಲಿಕೆ, ಯಾವ ಪೊಟ್ಟಣ?

ಎರಡು ಪೊಟ್ಟಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರ ಮೇಲೂ ಫೇರ್ ಟ್ರೇಡ್ (ಬೆಳೆದವರಿಗೆ ನ್ಯಾಯವಾದ ಪಾಲು ಸಿಗುವಂಥ ವ್ಯಾಪಾರ) ಎಂಬ ಮಾತಿದೆ, ಎರಡರ ಮೇಲೂ ಹಸಿರು ಎಲೆ ಹಿಡಿದ ಕೈಯ ಚಿತ್ರವಿದೆ. ಒಂದರ ಬೆಲೆ ಮಾತ್ರ ಇನ್ನೊಂದರ ಎರಡು ಪಟ್ಟು. ದುಬಾರಿಯದನ್ನು ಕೊಂಡರೆ ರೈತರಿಗೆ ಹೆಚ್ಚು ಹೋಗುತ್ತದೆ ಎಂದುಕೊಂಡು ಕೊಳ್ಳುವವರೇ ಹೆಚ್ಚು. ಲೆಕ್ಕ ಹಾಗಿಲ್ಲ. ಒಂದು ಕಿಲೋ ಒಣ ಮೂಲಿಕೆಯಿಂದ 1.5 ಗ್ರಾಮಿನ 660ಕ್ಕೂ ಹೆಚ್ಚು ಟೀ ಚೀಲಗಳಾಗುತ್ತವೆ. ಸಂಘಕ್ಕೆ ಕಿಲೋವೊಂದಕ್ಕೆ ಸಿಗುವ ಹೆಚ್ಚುವರಿ ಹಣವನ್ನು 660ರಿಂದ ಭಾಗಿಸಿದರೆ ಒಂದು ಲೋಟಕ್ಕೆ ಬೀಳುವುದು ಚಿಲ್ಲರೆ ಕಾಸು. ಬೆಲೆ ದುಪ್ಪಟ್ಟಾಗಿರುವುದು ಬಹುಪಾಲು ಡಬ್ಬಿ, ಚೀಲ, ದಾರ, ಸಾಗಣೆ ಮತ್ತು ಅಂಗಡಿಯ ಲಾಭದಿಂದ. ಹಾಗಾಗಿ ಬೆಲೆ ನೋಡಿ ನ್ಯಾಯ ಅಳೆಯಲು ಬರುವುದಿಲ್ಲ.

ಮುದ್ರೆ ನೋಡಿ ರುಚಿ ಅಳೆಯಲೂ ಬರುವುದಿಲ್ಲ. ಮುದ್ರೆ ಹೇಳುವುದು ದುಡ್ಡು ಹೇಗೆ ಕೈ ಬದಲಾಯಿಸಿತು ಎಂಬುದನ್ನು. ಎಲೆ ಹೇಗೆ ಒಣಗಿತು, ಎಷ್ಟು ದಿನ ಗೋದಾಮಿನಲ್ಲಿ ಕೂತಿತ್ತು ಎಂಬುದನ್ನು ಎಲೆಯನ್ನೇ ಕೇಳಬೇಕು. ಇಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ. ಗಿಡಮೂಲಿಕೆ ಚಹಾ ಎಂದರೆ ಚಹಾ ಗಿಡದ ಎಲೆ ಇಲ್ಲದ ಪಾನೀಯಗಳು: ರೂಯ್ಬಾಸ್ (ದಕ್ಷಿಣ ಆಫ್ರಿಕಾದ ಒಂದು ಪೊದೆ ಗಿಡ), ಕೆಂಪು ಪುಂಡಿ, ಕ್ಯಾಮೊಮೈಲ್ (ಸೇವಂತಿಗೆಯನ್ನು ಹೋಲುವ ಪುಟ್ಟ ಹೂ), ಪುದೀನ, ಮಜ್ಜಿಗೆ ಹುಲ್ಲು ಮುಂತಾದವು.

ಮೊದಲ ಪ್ರಶ್ನೆ: ಒಣಗಿಸಿದ್ದು ಯಾರು?

ಮೂಲಿಕೆ ಬೆಳೆಯಲ್ಲಿ ಹಣ ಹುಟ್ಟುವುದು ಹೊಲದಲ್ಲಲ್ಲ, ಒಣಗಿಸುವ ಅಂಗಳದಲ್ಲಿ. ಹಸಿ ಪುದೀನದಲ್ಲಿ ನೂರಕ್ಕೆ 80 ಪಾಲು ನೀರು. ನೂರು ಕಿಲೋ ಕೊಯ್ದರೆ ಒಣಗಿ ಉಳಿಯುವುದು 20ರಿಂದ 22 ಕಿಲೋ, ದಂಟು ತೆಗೆದರೆ ಇನ್ನೂ ಕಡಿಮೆ. ಪುಂಡಿಯ ಹಸಿ ಪುಷ್ಪಪಾತ್ರೆ (ಕಾಯಿಯನ್ನು ಸುತ್ತಿರುವ ಕೆಂಪು ಹೊದಿಕೆ) ನೂರು ಕಿಲೋ ಇದ್ದರೆ ಒಣಗಿದ ಮೇಲೆ 10ರಿಂದ 15 ಕಿಲೋ. ಕೊಯ್ದ ಸೊಪ್ಪನ್ನು ರಾಶಿ ಹಾಕಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಒಳಗೆ ಬಿಸಿಯೇರಿ ಕಪ್ಪಾಗುತ್ತದೆ. ಹಸಿಯಾಗಿಯೇ ಮಾರಬೇಕಾದ ರೈತನಿಗೆ ಆ ಸಂಜೆ ಬಂದ ವ್ಯಾಪಾರಿ ಹೇಳಿದ್ದೇ ಬೆಲೆ, ಚೌಕಾಸಿಗೆ ಜಾಗವಿಲ್ಲ. ಅದೇ ಮಾಲು ಸರಿಯಾಗಿ ಒಣಗಿ, ತೇವಾಂಶ ನೂರಕ್ಕೆ 10ರ ಆಸುಪಾಸಿಗೆ ಇಳಿದು ಚೀಲ ಸೇರಿದರೆ ಒಂದು ವರ್ಷ ಕಾಯಬಲ್ಲದು. ಬೆಲೆ ಬಿದ್ದಿದೆಯೇ, ಮುಂದಿನ ತಿಂಗಳು ಮಾರೋಣ ಎನ್ನುವ ಧೈರ್ಯ ಬರುವುದು ಆಗ.

ಆದ್ದರಿಂದ ಸಹಕಾರ ಸಂಘದ ಚಹಾ ಎಂಬ ಒಂದೇ ಹೆಸರಿನಡಿ ಎರಡು ಬೇರೆ ವ್ಯವಸ್ಥೆಗಳಿವೆ. ಒಂದರಲ್ಲಿ ಸಂಘಕ್ಕೆ ಸ್ವಂತ ಒಣಗಿಸುವ ಅಂಗಳ, ಜರಡಿ, ಕತ್ತರಿಸುವ ಯಂತ್ರ, ಗೋದಾಮು ಇದೆ. ಇನ್ನೊಂದರಲ್ಲಿ ಸಂಘ ಎಂದರೆ ಸದಸ್ಯರ ಪಟ್ಟಿ ಮತ್ತು ಲೆಕ್ಕದ ಪುಸ್ತಕ. ಹಸಿ ಮಾಲು ನೇರ ರಫ್ತುದಾರನ ಕಾರ್ಖಾನೆಗೆ ಹೋಗುತ್ತದೆ. ಎರಡಕ್ಕೂ ಮುದ್ರೆ ಸಿಗುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮೊದಲನೆಯದನ್ನು ಆರಿಸಿ. ಮುದ್ರೆಗಳ ನಡುವಿನ ವ್ಯತ್ಯಾಸಕ್ಕಿಂತ ಈ ವ್ಯತ್ಯಾಸ ದೊಡ್ಡದು ಎಂಬುದೇ ನಮ್ಮ ಅಭಿಪ್ರಾಯ.

ಇದನ್ನು ತಿಳಿಯುವುದು ಹೇಗೆ? ಪೊಟ್ಟಣದ ಹಿಂಬದಿಯಲ್ಲಿ ಸಂಘದ ಹೆಸರು, ಊರು, ಕೊಯ್ಲಿನ ವರ್ಷ ಇದೆಯೇ ನೋಡಿ. 'ಸಣ್ಣ ರೈತರಿಂದ' ಎಂದಷ್ಟೇ ಬರೆದು ದೇಶದ ಹೆಸರನ್ನೂ ಹೇಳದಿದ್ದರೆ ಅದು ಹಲವು ಕಡೆಯ ಮಾಲು ಬೆರೆಸಿದ್ದು ಎಂದುಕೊಳ್ಳಬಹುದು. ಮಾರುವವರಿಗೆ ಒಂದು ಮಿಂಚಂಚೆ ಹಾಕಿ ಮೂರು ಸಂಗತಿ ಕೇಳಿ: ಸಂಘದ ಹೆಸರೇನು, ಒಣಗಿಸಿದ್ದು ಮತ್ತು ಕತ್ತರಿಸಿದ್ದು ಎಲ್ಲಿ, ಎಷ್ಟು ವರ್ಷದಿಂದ ಅವರಲ್ಲೇ ಕೊಳ್ಳುತ್ತಿದ್ದೀರಿ. ನಿಜವಾಗಿ ನೇರ ಸಂಬಂಧ ಇರುವವರು ಎರಡು ಸಾಲಿನಲ್ಲಿ ಉತ್ತರ ಕೊಟ್ಟುಬಿಡುತ್ತಾರೆ. ಇಲ್ಲದವರು ಮೌಲ್ಯಗಳ ಬಗ್ಗೆ ದೀರ್ಘ ಪತ್ರ ಬರೆಯುತ್ತಾರೆ.

ಕೊನೆಯ ಪ್ರಶ್ನೆಗೂ ಕಾರಣವಿದೆ. ಪ್ರಮಾಣೀಕೃತ ಸಂಘ ತನ್ನ ಇಡೀ ಬೆಳೆಯನ್ನು ಫೇರ್ ಟ್ರೇಡ್ ಷರತ್ತಿನಲ್ಲೇ ಮಾರುತ್ತದೆ ಎಂದೇನಿಲ್ಲ. ಕೊಳ್ಳುವವರು ಸಿಕ್ಕಷ್ಟು ಆ ಷರತ್ತಿನಲ್ಲಿ ಹೋಗುತ್ತದೆ, ಮಿಕ್ಕದ್ದು ಸಾಮಾನ್ಯ ಮಾರುಕಟ್ಟೆಗೆ. ಒಂದು ವರ್ಷ ಬಂದು ಮರುವರ್ಷ ಕಾಣೆಯಾಗುವ ಗ್ರಾಹಕನನ್ನು ನಂಬಿ ಯಾವ ಸಂಘವೂ ಒಣಗಿಸುವ ಮನೆ ಕಟ್ಟಿಸಲಾರದು.

ಮುದ್ರೆಗಳು: ಯಾವುದು ಏನನ್ನು ಹೇಳುತ್ತದೆ

ಹೆಚ್ಚು ಕಾಣಸಿಗುವುದು ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್‌ನ ನೀಲಿ-ಹಸಿರು ಮುದ್ರೆ. ಸಂಸ್ಥೆ ಹುಟ್ಟಿದ್ದು 1997ರಲ್ಲಿ. ತಪಾಸಣೆ ನಡೆಸುವುದು ಫ್ಲೋಸರ್ಟ್. ಈ ವ್ಯವಸ್ಥೆಯ ಬಲ ಇರುವುದು ಮೂರು ಅಂಶಗಳಲ್ಲಿ. ಬೆಳೆ ಮತ್ತು ಪ್ರದೇಶವಾರು ನಿಗದಿಯಾದ ಕನಿಷ್ಠ ಬೆಲೆ; ಅದರ ಮೇಲೆ ಪ್ರೀಮಿಯಂ ಎಂಬ ಹೆಚ್ಚುವರಿ ಮೊತ್ತ, ಅದನ್ನು ಹೇಗೆ ಖರ್ಚು ಮಾಡಬೇಕು ಎಂದು ತೀರ್ಮಾನಿಸುವುದು ಸದಸ್ಯರ ಮಹಾಸಭೆ; ಮತ್ತು ಸಂಘ ಕೇಳಿದರೆ ಒಪ್ಪಂದದ ಮೊತ್ತದ ಶೇ. 60ರವರೆಗೆ ಮುಂಗಡ. ಮೂರನೆಯದರ ಬಗ್ಗೆ ಮಾತು ಕಡಿಮೆ, ಆದರೆ ಕೊಯ್ಲಿನ ಕಾಲದಲ್ಲಿ ಸದಸ್ಯರಿಗೆ ಕೈಗೆ ಕಾಸು ಕೊಡಲಾಗದ ಸಂಘದಿಂದ ರೈತರು ಖಾಸಗಿ ವ್ಯಾಪಾರಿಯ ಕಡೆ ಜಾರುವುದು ಇದೇ ಕೊರತೆಯಿಂದ.

ದೌರ್ಬಲ್ಯಗಳೂ ಇವೆ. ಎಲ್ಲ ಮೂಲಿಕೆಗೂ ಎಲ್ಲ ಪ್ರದೇಶಕ್ಕೂ ಕನಿಷ್ಠ ಬೆಲೆ ನಿಗದಿಯಾಗಿಲ್ಲ. ಇಲ್ಲದ ಕಡೆ ಕೊಳ್ಳುವವನೂ ಸಂಘವೂ ಕೂತು ಬೆಲೆ ಮಾತಾಡಿಕೊಳ್ಳುತ್ತಾರೆ, ಪ್ರೀಮಿಯಂ ಮಾತ್ರ ಖಾತ್ರಿ. ಇನ್ನೊಂದು, ಕೆಲವು ಬೆಳೆಗಳಲ್ಲಿ ಇದೇ ಮುದ್ರೆ ಕೂಲಿಯಾಳುಗಳಿರುವ ದೊಡ್ಡ ತೋಟಕ್ಕೂ ಸಿಗುತ್ತದೆ. ತೋಟದ ಕಾರ್ಮಿಕರಿಗೂ ಅದರಿಂದ ಅನುಕೂಲವಿದೆ, ಅದು ಬೇರೆ ಮಾತು. ಸಣ್ಣ ರೈತರ ಸಂಘದ್ದೇ ಬೇಕೆಂದರೆ ಮುದ್ರೆಯೊಂದನ್ನೇ ನಂಬಬೇಡಿ. ಪ್ರತಿ ಪ್ರಮಾಣೀಕೃತ ಸಂಸ್ಥೆಗೆ ಫ್ಲೋ ಐಡಿ ಎಂಬ ಸಂಖ್ಯೆ ಇರುತ್ತದೆ. ಫ್ಲೋಸರ್ಟ್‌ನ ಹುಡುಕು ಪುಟದಲ್ಲಿ ಸಂಸ್ಥೆಯ ವಿವರ ಸಿಗುತ್ತದೆ.

ಮುದ್ರೆಯ ಪಕ್ಕದಲ್ಲಿ ಪುಟ್ಟ ಬಾಣದ ಗುರುತು ಇದ್ದರೆ ಪೊಟ್ಟಣ ತಿರುಗಿಸಿ ಓದಿ ಎಂದರ್ಥ. ಹಲವು ಪದಾರ್ಥಗಳಿರುವ ಮಿಶ್ರಣಕ್ಕೋ ಮಾಸ್ ಬ್ಯಾಲೆನ್ಸ್ ಪದ್ಧತಿಗೋ ಆ ಬಾಣ ಬರುತ್ತದೆ. ಮಾಸ್ ಬ್ಯಾಲೆನ್ಸ್ ಎಂದರೆ ಕಂಪನಿ ಫೇರ್‌ಟ್ರೇಡ್ ಮಾಲು ಎಷ್ಟು ಕೊಂಡಿತೋ ಅಷ್ಟೇ ತೂಕಕ್ಕೆ ಮುದ್ರೆ ಹಾಕಬಹುದು, ಆದರೆ ನಿಮ್ಮ ಚೀಲದೊಳಗಿನ ಎಲೆ ಅದೇ ಎಲೆ ಎನ್ನುವ ಖಾತ್ರಿ ಇಲ್ಲ. ಬಿಳಿ ಹಿನ್ನೆಲೆಯ ಮುದ್ರೆಗೆ ಅಂಟಿದಂತೆ ಒಂದು ಪದಾರ್ಥದ ಹೆಸರಿದ್ದರೆ ಆ ಒಂದು ಪದಾರ್ಥ ಮಾತ್ರ ಫೇರ್‌ಟ್ರೇಡ್, ಉಳಿದವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಫೇರ್ ಟ್ರೇಡ್ ಯುಎಸ್‌ಎ ಬೇರೆಯೇ ಸಂಸ್ಥೆ. 2011ರ ಕೊನೆಯಲ್ಲಿ ಅಂತಾರಾಷ್ಟ್ರೀಯ ವ್ಯವಸ್ಥೆಯಿಂದ ಹೊರಬಂತು. ಸಂಘಗಳಾಚೆಗಿನ ತೋಟಗಳಿಗೂ ಬಿಡಿ ರೈತರಿಗೂ ಪ್ರಮಾಣಪತ್ರ ವಿಸ್ತರಿಸಬೇಕೆಂಬ ನಿಲುವು ಆ ಒಡಕಿನ ಮೂಲದಲ್ಲಿತ್ತು. ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲವಾಗುತ್ತದೆ: ಒಂದೇ ಪದವಾಗಿ ಬರೆದರೆ ಅಂತಾರಾಷ್ಟ್ರೀಯ ಸಂಸ್ಥೆ, ಬಿಡಿಸಿ ಬರೆದರೆ ಅಮೆರಿಕದ್ದು ಅಥವಾ ಬರೀ ಸಾಮಾನ್ಯ ಮಾತು.

ಸಂಘವೇ ಮುಖ್ಯ ಎನ್ನುವವರಿಗೆ ಹೆಚ್ಚು ಒಪ್ಪುವುದು ಸಣ್ಣ ಉತ್ಪಾದಕರ ಚಿಹ್ನೆ, ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳಿಂದ ಎಸ್‌ಪಿಪಿ. ಲ್ಯಾಟಿನ್ ಅಮೆರಿಕದ ಸಣ್ಣ ರೈತರ ಸಂಘಟನೆಗಳೇ 2006ರಲ್ಲಿ ಕಟ್ಟಿದ ಮುದ್ರೆ ಇದು. ದೊಡ್ಡ ತೋಟಕ್ಕೆ ಇಲ್ಲಿ ಪ್ರವೇಶವೇ ಇಲ್ಲ. ಒಂದೇ ತೊಡಕು, ಕಾಫಿಯಲ್ಲಿ ಸಿಗುವಷ್ಟು ಮೂಲಿಕೆಯಲ್ಲಿ ಸಿಗುವುದಿಲ್ಲ.

ಫೇರ್ ಫಾರ್ ಲೈಫ್ ಮುದ್ರೆ 2006ರದು, 2014ರಿಂದ ಇಕೋಸರ್ಟ್ ಎಂಬ ಪ್ರಮಾಣೀಕರಣ ಸಂಸ್ಥೆಯ ಕೈಯಲ್ಲಿದೆ. ಇದರಲ್ಲಿ ಸಂಘವೇ ಆಗಬೇಕೆಂದಿಲ್ಲ. ಒಂದು ಕಂಪನಿಯೊಂದಿಗೆ ಒಪ್ಪಂದದಲ್ಲಿ ಬೆಳೆಯುವ ರೈತರ ಗುಂಪೂ ಬರುತ್ತದೆ. ಬದಲಿಗೆ ರೈತನಿಂದ ಹಿಡಿದು ಪೊಟ್ಟಣ ಕಟ್ಟುವವರೆಗಿನ ಇಡೀ ಸರಪಳಿಯನ್ನು ಒರೆಗೆ ಹಚ್ಚುತ್ತದೆ. ಮೂಲಿಕೆಗಳ ವಿಷಯದಲ್ಲಿ ಇದರ ಅನುಭವ ಚೆನ್ನಾಗಿದೆ. ಡಬ್ಲ್ಯುಎಫ್‌ಟಿಒ (ವಿಶ್ವ ಫೇರ್ ಟ್ರೇಡ್ ಸಂಘಟನೆ) ಮುದ್ರೆ ಪದಾರ್ಥಕ್ಕಲ್ಲ, ಸಂಸ್ಥೆಗೆ: ಹತ್ತು ತತ್ವಗಳ ಮೇಲೆ ಇಡೀ ಸಂಸ್ಥೆಯ ನಡತೆಯನ್ನು ಅಳೆಯುತ್ತದೆ. ಕಾಡಿನಿಂದ, ಬೇಲಿಯಂಚಿನಿಂದ ಆರಿಸಿ ತಂದ ಮೂಲಿಕೆಯಾದರೆ ಫೇರ್‌ವೈಲ್ಡ್ ನೋಡಿ. ಆರಿಸುವವರ ಕೂಲಿಯ ಜೊತೆಗೆ ಗಿಡ ಮತ್ತೆ ಚಿಗುರುವಷ್ಟು ಬಿಟ್ಟು ಕೊಯ್ದರೇ ಎಂಬುದನ್ನೂ ಅದು ಪರಿಶೀಲಿಸುತ್ತದೆ. ಹೊಲದ ಬೆಳೆಗೆ ಮಾಡಿದ ನಿಯಮಗಳಲ್ಲಿ ಆ ಲೆಕ್ಕ ಸಿಗದು.

ರೇನ್‌ಫಾರೆಸ್ಟ್ ಅಲಯನ್ಸ್‌ನ ಕಪ್ಪೆ ಚಿತ್ರವನ್ನು ಫೇರ್ ಟ್ರೇಡ್ ಎಂದುಕೊಳ್ಳುವವರಿದ್ದಾರೆ. ಅದು ಪರಿಸರ ಮತ್ತು ಕೃಷಿ ಪದ್ಧತಿಯ ಮುದ್ರೆ. ನಿಗದಿತ ಕನಿಷ್ಠ ಬೆಲೆ ಅದರಲ್ಲಿಲ್ಲ. ಸಾವಯವ ಮುದ್ರೆಯೂ ಹಾಗೆಯೇ, ಬೆಲೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆದರೂ ಸಂಘದ ಮಾಲಿಗೆ ಸಾವಯವ ಮುದ್ರೆ ಕೂಡ ಇದ್ದರೆ ಅದಕ್ಕೆ ಒಂದು ಪರೋಕ್ಷ ಅರ್ಥವಿದೆ: ಸಣ್ಣ ರೈತರಿಗೆ ಗುಂಪಾಗಿ ಪ್ರಮಾಣಪತ್ರ ಸಿಗಬೇಕಾದರೆ ಸಂಘದೊಳಗೇ ಪ್ರತಿ ಹೊಲದ ದಾಖಲೆ, ಒಳ ತಪಾಸಣೆ ಎಲ್ಲ ನಡೆಯಬೇಕು. ಐರೋಪ್ಯ ಒಕ್ಕೂಟದ ಹೊಸ ಸಾವಯವ ನಿಯಮದಲ್ಲಿ ಅಂಥ ಒಂದು ಗುಂಪಿಗೆ ಗರಿಷ್ಠ 2,000 ಸದಸ್ಯರ ಮಿತಿ ಇದೆ, ಗುಂಪಿಗೆ ಸ್ವಂತ ಕಾನೂನು ಅಸ್ತಿತ್ವವೂ ಬೇಕು. ಆ ಶಿಸ್ತು ಇರುವ ಸಂಘ ಲೆಕ್ಕದಲ್ಲೂ ಸಾಮಾನ್ಯವಾಗಿ ಅಚ್ಚುಕಟ್ಟು.

ರೂಯ್ಬಾಸ್: ಸಂಘವನ್ನು ಹುಡುಕಿ ಕೊಳ್ಳಬೇಕಾದ ಬೆಳೆ

ಜಗತ್ತಿನಲ್ಲಿ ಇದು ಬೆಳೆಯುವುದು ಒಂದೇ ಕಡೆ, ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಗಳ ಸುತ್ತಮುತ್ತ, ಚಳಿಗಾಲದಲ್ಲಿ ಮಳೆ ಬೀಳುವ ಮರಳು ನೆಲದಲ್ಲಿ. 2021ರಲ್ಲಿ ಐರೋಪ್ಯ ಒಕ್ಕೂಟ ಈ ಹೆಸರಿಗೆ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ಆಫ್ರಿಕಾದ ಆಹಾರ ಪದಾರ್ಥವೊಂದಕ್ಕೆ ಅಂಥ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಗಿಡದ ಬಳಕೆಯನ್ನು ಮೊದಲು ಕಂಡುಕೊಂಡ ಖೋಯ್ ಮತ್ತು ಸಾನ್ ಜನರಿಗೆ ತೋಟದ ಬಾಗಿಲ ಬೆಲೆಯ (ಬೆಳೆಗಾರನಿಗೆ ತೋಟದಲ್ಲೇ ಸಿಗುವ ಬೆಲೆ) ಶೇ. 1.5 ಸಲ್ಲಬೇಕೆಂಬ ಒಪ್ಪಂದ 2019ರಲ್ಲಾಯಿತು. ಅದು ಇಡೀ ಉದ್ಯಮಕ್ಕೆ ಅನ್ವಯಿಸುವಂಥದ್ದು. ಯಾವುದೋ ಕಂಪನಿ ಅದನ್ನು ತನ್ನ ವಿಶೇಷ ಔದಾರ್ಯವೆಂಬಂತೆ ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೆ ಅದಕ್ಕೆ ಅಂಕ ಕೊಡಬೇಕಿಲ್ಲ.

ರೂಯ್ಬಾಸ್‌ನ ಹೆಚ್ಚಿನ ಭಾಗ ದೊಡ್ಡ ತೋಟಗಳದ್ದೇ. ಸಣ್ಣ ರೈತರ ಪಾಲು ಕಡಿಮೆ. ಸುಯಿಡ್ ಬೊಕ್ಕೆವೆಲ್ಡ್‌ನ ಹೈವೆಲ್ಡ್ ಸಹಕಾರ ಸಂಘ, ವುಪ್ಪರ್ಟಾಲ್ ಹಳ್ಳಿಯ ರೈತರು ಅದರಲ್ಲಿ ಹೆಸರಾದವರು. ವುಪ್ಪರ್ಟಾಲ್‌ನ ಬಹುಭಾಗ 2018ರ ಡಿಸೆಂಬರ್ ಕೊನೆಯ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಹೈವೆಲ್ಡ್‌ನವರು ನೆಟ್ಟ ಗಿಡದ ಜೊತೆಗೆ ಕಾಡು ರೂಯ್ಬಾಸನ್ನೂ ಕೊಯ್ಯುತ್ತಾರೆ. ನೆಟ್ಟ ಗಿಡ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಕಾಡಿನ ಬಗೆಯದು ದಶಕಗಳ ಕಾಲ ಬದುಕಿ, ಬೆಂಕಿ ಬಿದ್ದರೂ ಬುಡದಿಂದ ಚಿಗುರುತ್ತದೆ. ಹಾಗಾಗಿ ಕಾಡಿನದನ್ನು ಪ್ರತಿ ವರ್ಷ ಕೊಯ್ಯದೆ ಬಿಡುವು ಕೊಡುತ್ತಾರೆ, ಬೆಲೆಯೂ ಹೆಚ್ಚು. ರುಚಿ ಒಂದಿಷ್ಟು ಗಾಢ, ಕಟ್ಟಿಗೆಯ ಛಾಯೆ.

ಬೇಸಿಗೆಯಲ್ಲಿ ಕೊಯ್ದ ರೆಂಬೆಗಳನ್ನು ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ಬಯಲಿನ ಕಾಂಕ್ರೀಟ್ ಅಂಗಳದಲ್ಲಿ ರಾಶಿ ಹಾಕುತ್ತಾರೆ. ಟೀ ಕೋರ್ಟ್ ಎಂದು ಕರೆಯುವುದು ಇದನ್ನೇ. ರಾತ್ರಿಯಿಡೀ, ಸುಮಾರು 8ರಿಂದ 14 ಗಂಟೆ, ರಾಶಿ ಬೆಚ್ಚಗಾಗಿ ಹಸಿರು ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ, ಜೇನಿನಂಥ ವಾಸನೆ ಏಳುತ್ತದೆ. ಆ ವಾಸನೆ ಬಂದ ಹೊತ್ತಿಗೆ ರಾಶಿ ಒಡೆದು ತೆಳ್ಳಗೆ ಹರಡಬೇಕು. ಬೇಗ ಹರಡಿದರೆ ಲೋಟದಲ್ಲಿ ಹಸಿ ಹುಲ್ಲಿನ ಒಗರು. ತಡವಾದರೆ ಮಂಕು ಕಂದು ಬಣ್ಣ, ಹುಳಿದ ಹುಲ್ಲಿನ ವಾಸನೆ. ಮೋಡ ಕವಿದ ದಿನ ಬಿಸಿಲು ಸಾಲದೆ ನಿಧಾನ ಒಣಗಿದ ಮಾಲಿನಲ್ಲೂ ಇದೇ ದೋಷ.

ಕೊಳ್ಳುವಾಗ ಬಿಳಿ ಕಾಗದದ ಮೇಲೆ ಒಂದು ಚಮಚ ಸುರಿದು ನೋಡಿ. ಸೂಜಿಯಂಥ ಎಳೆಗಳು ಹೆಚ್ಚುಕಡಿಮೆ ಒಂದೇ ಉದ್ದವಿದ್ದು ಕೆಂಪಾಗಿರಬೇಕು. ಬಿಳಿಚಿದ ದಪ್ಪ ಕಡ್ಡಿಗಳು ತುಂಬಿದ್ದರೆ ಅದು ಕೆಳದರ್ಜೆ. ಕಡ್ಡಿಗೆ ತೂಕವಿದೆ, ರುಚಿಯಿಲ್ಲ. ಹಸಿರು ರೂಯ್ಬಾಸ್ ಹುದುಗು ಹಾಕದೆ ಒಣಗಿಸಿದ್ದು. ಆಸ್ಪಲಥಿನ್ ಎಂಬ ಉತ್ಕರ್ಷಣ ನಿರೋಧಕ ಅಂಶ ಅದರಲ್ಲಿ ಹೆಚ್ಚು ಉಳಿದಿರುತ್ತದೆ ನಿಜ, ಆದರೆ ಕೆಂಪು ರೂಯ್ಬಾಸ್‌ನ ಸಿಹಿ ಅದರಲ್ಲಿ ಸಿಗುವುದಿಲ್ಲ. ಹಾಲು ಹಾಕಿ ಕುಡಿಯುವವರು ಹಸಿರಿನ ಗೊಡವೆಗೆ ಹೋಗಬೇಡಿ.

200 ಮಿಲಿ ಕುದಿಯುವ ನೀರಿಗೆ 2ರಿಂದ 2.5 ಗ್ರಾಂ, 5ರಿಂದ 7 ನಿಮಿಷ. ಮರೆತು 15 ನಿಮಿಷ ಬಿಟ್ಟರೂ ಕಹಿಯಾಗದು, ಟ್ಯಾನಿನ್ ಕಡಿಮೆ. ಕೆಫೀನ್ ಮೊದಲಿನಿಂದಲೇ ಇಲ್ಲ. ಚಹಾ ಬಿಟ್ಟು ಬೇರೆಯದಕ್ಕೆ ಹೊರಳುವವರಿಗೆ ನಮ್ಮ ಮೊದಲ ಸಲಹೆ ಇದೇ.

ಕೆಂಪು ಪುಂಡಿ: ಬಣ್ಣ ನೋಡಿ ಮರುಳಾಗಬೇಡಿ

ಹೈಬಿಸ್ಕಸ್ ಎಂದು ಮಾರುವುದು ಹೂವಿನ ದಳವನ್ನಲ್ಲ. ದಳ ಉದುರಿದ ಮೇಲೆ ಕಾಯಿಯ ಸುತ್ತ ಉಬ್ಬಿ ನಿಲ್ಲುವ ತೊಗಲಿನಂಥ ಕೆಂಪು ಪುಷ್ಪಪಾತ್ರೆಯನ್ನು. ಸುಡಾನ್, ಈಜಿಪ್ಟ್, ನೈಜೀರಿಯಾ, ಸೆನೆಗಲ್, ಬುರ್ಕಿನಾ ಫಾಸೊಗಳಲ್ಲಿ ಸಣ್ಣ ಹಿಡುವಳಿದಾರರ ಬೆಳೆ. ಕಾಯಿ ಬಿಡಿಸಿ ಪುಷ್ಪಪಾತ್ರೆಯನ್ನು ಬೇರ್ಪಡಿಸುವುದು ಪೂರಾ ಕೈಕೆಲಸ, ಬಹುತೇಕ ಹೆಂಗಸರದು. ಸಂಘವಿದ್ದರೆ ಈ ಕೆಲಸದ ಕೂಲಿ ಲೆಕ್ಕಕ್ಕೆ ಬರುತ್ತದೆ, ಇಲ್ಲದಿದ್ದರೆ ಅದು ಮನೆಗೆಲಸದಲ್ಲೇ ಕರಗಿಹೋಗುತ್ತದೆ. ಫೇರ್ ಟ್ರೇಡ್ ಪೊಟ್ಟಣವನ್ನೇ ಆರಿಸಲು ಗಟ್ಟಿ ಕಾರಣವಿರುವ ಬೆಳೆ ಇದು.

ಇದರ ದೊಡ್ಡ ರೋಗ ಮರಳು. ನೆಲದ ಮೇಲೆ ಹರಡಿ ಒಣಗಿಸಿದ್ದರ ಮಡಿಕೆಗಳಲ್ಲಿ ಮರಳು ಸಿಕ್ಕಿಕೊಳ್ಳುತ್ತದೆ, ಎಷ್ಟು ಜರಡಿ ಹಿಡಿದರೂ ಪೂರ್ತಿ ಹೋಗದು. ಎತ್ತರದ ಬಲೆಯ ಮಂಚ ಕೊಂಡ ಸಂಘದ ಮಾಲಿಗೂ ಕೊಳ್ಳದ ಸಂಘದ ಮಾಲಿಗೂ ವ್ಯತ್ಯಾಸ ಒಂದೇ ಲೋಟದಲ್ಲಿ ಗೊತ್ತಾಗುತ್ತದೆ: ಗಾಜಿನ ಲೋಟದಲ್ಲಿ 5 ಗ್ರಾಂ ಹಾಕಿ, ಉಗುರುಬೆಚ್ಚಗಿನ ನೀರು ತುಂಬಿ, ಚೆನ್ನಾಗಿ ಕಲಕಿ, ಎರಡು ನಿಮಿಷ ಬಿಟ್ಟು ಪುಷ್ಪಪಾತ್ರೆಗಳನ್ನು ಚಮಚದಿಂದ ಮೇಲೆತ್ತಿ. ನೀರನ್ನು ನಿಧಾನವಾಗಿ ಬಗ್ಗಿಸಿದಾಗ ತಳದಲ್ಲಿ ಒಂದೆರಡು ಕಣ ಉಳಿದರೆ ಅಡ್ಡಿಯಿಲ್ಲ. ಬೆರಳಿಗೆ ಗರಗರ ಎನ್ನುವಷ್ಟು ಉಳಿದರೆ ಆ ಬ್ರ್ಯಾಂಡ್ ಬಿಡಿ.

ಒಳ್ಳೆಯ ಮಾಲು ಕಪ್ಪುಗೆಂಪು, ಇಡಿಯಾಗಿದ್ದು, ಬೆರಳಲ್ಲಿ ಮಡಚಿದರೆ ಬಾಗಿ ಆಮೇಲೆ ಮುರಿಯಬೇಕು. ಅಂಟಂಟಾಗಿದ್ದರೆ ತೇವ ಹೆಚ್ಚಾಗಿದೆ, ಬೂಷ್ಟು ಹತ್ತಿರದಲ್ಲಿದೆ. ಪುಡಿಪುಡಿಯಾಗಿ ಕಂದಾಗಿದ್ದರೆ ಹಳೆಯದು ಅಥವಾ ಅತಿ ಬಿಸಿಗೆ ಸಿಕ್ಕಿದ್ದು. ಕೆಂಪು ಬಣ್ಣ ಬರುವುದು ಆಂಥೋಸಯನಿನ್‌ನಿಂದ. ಅದಕ್ಕೆ ಹುಳಿ ಬೇಕು, ಕ್ಷಾರ ಆಗದು. ಗಡಸು ನೀರಿನಲ್ಲಿ ಬಣ್ಣ ಮಂಕಾಗಿ ನೇರಳೆ-ಕಂದಿಗೆ ಇಳಿದರೆ ಚಹಾವನ್ನು ಬೈಯಬೇಡಿ, ಎರಡು ಹನಿ ನಿಂಬೆರಸ ಹಿಂಡಿ ನೋಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಕುದಿಸಬೇಡಿ, ಹುಳಿ ಲೋಹವನ್ನು ಕಚ್ಚುತ್ತದೆ.

200 ಮಿಲಿಗೆ 2 ಗ್ರಾಂ, 5 ನಿಮಿಷ ಸಾಕು. ಹತ್ತು ನಿಮಿಷ ದಾಟಿದರೆ ಹುಳಿ ಮೀರುತ್ತದೆ. ತಣ್ಣಗೆ ಬೇಕೆಂದು ಒಣ ಪುಂಡಿಯನ್ನು ನೇರ ತಣ್ಣೀರಿಗೆ ಹಾಕಿ ರಾತ್ರಿಯಿಡೀ ಬಿಡುವ ರೂಢಿಯಿದೆ. ಬಯಲಲ್ಲಿ ಒಣಗಿದ ಮೂಲಿಕೆಯ ಮೇಲೆ ಸಾಲ್ಮೊನೆಲ್ಲಾದಂಥ ಸೂಕ್ಷ್ಮಾಣುಗಳು ಇರಬಹುದು, ಕುದಿನೀರೇ ಅವುಗಳಿಗೆ ತಡೆ. ಉಗಿಯಲ್ಲಿ ಶುದ್ಧಗೊಳಿಸಿದ್ದು, ತಣ್ಣೀರಿಗೆ ತಕ್ಕದ್ದು ಎಂದು ಪೊಟ್ಟಣದ ಮೇಲೆ ಬರೆದಿಲ್ಲದಿದ್ದರೆ ಮೊದಲು ಕುದಿನೀರು ಹೊಯ್ದು ಸೋಸಿ, ಆಮೇಲೆ ತಣ್ಣಗೆ ಮಾಡಿ. ರಕ್ತದೊತ್ತಡವನ್ನು ಇದು ಸ್ವಲ್ಪ ಇಳಿಸುತ್ತದೆ. ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮೊದಲು ವೈದ್ಯರನ್ನು ಕೇಳಿ.

ಕ್ಯಾಮೊಮೈಲ್: ಕಳೆಯ ಪ್ರಶ್ನೆ

ಈಜಿಪ್ಟಿನ ಫಯೂಮ್ ಸೀಮೆ ಇದಕ್ಕೆ ಹೆಸರುವಾಸಿ. ಒಂದು ಕಿಲೋ ಒಣ ಹೂವಿಗೆ ನಾಲ್ಕೈದು ಕಿಲೋ ಹಸಿ ಹೂ ಬೇಕು. ಇಲ್ಲಿ ಇಡೀ ಹೂವೋ ಪುಡಿಯೋ ಎಂಬುದೇ ಮುಖ್ಯ ಆಯ್ಕೆ, ನಮ್ಮ ಮತ ಇಡೀ ಹೂವಿಗೆ. ಒಂದು ಹೂವನ್ನು ಉಗುರಿನಿಂದ ಉದ್ದಕ್ಕೆ ಸೀಳಿ ನೋಡಿ: ನಡುವಿನ ಹಳದಿ ಉಬ್ಬಿನ ಒಳಗು ಪೊಳ್ಳಾಗಿದ್ದರೆ ಅದು ಜರ್ಮನ್ ಕ್ಯಾಮೊಮೈಲ್, ಚಹಾಕ್ಕೆ ಬಳಸುವುದು ಬಹುಪಾಲು ಅದನ್ನೇ. ರೋಮನ್ ಬಗೆಯಲ್ಲಿ ಒಳಗು ತುಂಬಿರುತ್ತದೆ, ರುಚಿಯೂ ಕಹಿ. ಇಂಥ ಪರೀಕ್ಷೆಗಳನ್ನು ಪುಡಿಯ ಮೇಲೆ ಮಾಡಲು ಬರುವುದಿಲ್ಲ. ದಂಟು ಹೆಚ್ಚು ಬೆರೆಸಿದ್ದೂ ಪುಡಿಯಲ್ಲಿ ಕಾಣದು.

ಹೊಲದಲ್ಲಿ ಸೆನೆಸಿಯೊದಂಥ ಕಳೆ ಬೆಳೆದು ಕೊಯ್ಲಿನಲ್ಲಿ ಸೇರಿಕೊಂಡರೆ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಯಕೃತ್ತಿಗೆ ಹಾನಿಕರ ವಿಷ ಚಹಾಕ್ಕೆ ಬರುತ್ತದೆ. ಐರೋಪ್ಯ ಒಕ್ಕೂಟ 2022ರ ಜುಲೈಯಿಂದ ಇದಕ್ಕೆ ಮಿತಿ ಹಾಕಿದೆ: ಕ್ಯಾಮೊಮೈಲ್, ರೂಯ್ಬಾಸ್, ಪೆಪ್ಪರ್‌ಮಿಂಟ್ ಮುಂತಾದವಕ್ಕೆ ಕಿಲೋಗೆ 400 ಮೈಕ್ರೋಗ್ರಾಂ, ಬೇರೆ ಮೂಲಿಕೆ ಚಹಾಗಳಿಗೆ 200. ಸಾವಯವವಾದರೆ ಇದು ಇರುವುದಿಲ್ಲ ಎಂದುಕೊಂಡರೆ ತಪ್ಪು. ಕಳೆನಾಶಕ ಹೊಡೆಯದ ಹೊಲದಲ್ಲಿ ಕಳೆ ಇನ್ನೂ ಹೆಚ್ಚಿರಬಹುದು. ಇಲ್ಲಿ ಕೈಯಿಂದ ಕೊಯ್ಯುವ ಸಣ್ಣ ರೈತನಿಗೆ ಯಂತ್ರಕ್ಕಿಂತ ಮೇಲುಗೈ ಇದೆ. ಬಗ್ಗಿ ಹೂ ಕೀಳುವವರಿಗೆ ಕಳೆ ಕಾಣುತ್ತದೆ, ಬಾಚಣಿಗೆಯ ಯಂತ್ರಕ್ಕೆ ಕಾಣದು. ಆದರೂ ಕಣ್ಣಂದಾಜು ಸಾಲದು. ಪ್ರತಿ ಕಂತಿನ ಮಾಲಿಗೂ ಪ್ರಯೋಗಾಲಯದ ವರದಿ ಇದೆಯೇ ಎಂದು ಕೇಳಿ.

200 ಮಿಲಿಗೆ 2ರಿಂದ 3 ಗ್ರಾಂ, ಮುಚ್ಚಳ ಹಾಕಿ 5ರಿಂದ 10 ನಿಮಿಷ. ಮುಚ್ಚಳ ಮರೆತರೆ ಪರಿಮಳದ ತೈಲ ಆವಿಯ ಜೊತೆ ಹೊರಟುಹೋಗುತ್ತದೆ. ಚಮಚದ ಅಳತೆ ಇಲ್ಲಿ ನಂಬಿಕೆಗೆ ಬಾರದು, ಹೂ ಹಗುರ, ತೂಗಿಯೇ ಹಾಕಿ. ಸೇವಂತಿಗೆ ಜಾತಿಯ ಹೂಗಳು ಆಗದವರಿಗೆ ಇದೂ ಆಗದಿರಬಹುದು.

ಪುದೀನ, ಮಜ್ಜಿಗೆ ಹುಲ್ಲು

ಇವೆರಡರಲ್ಲಿ ಆಯ್ಕೆ ಸುಲಭ, ಮೂಗೇ ಸಾಕು. ಒಂದು ಎಲೆಯನ್ನು ಅಂಗೈಯಲ್ಲಿ ಉಜ್ಜಿ. ಪೆಪ್ಪರ್‌ಮಿಂಟ್ ಆದರೆ ಕಣ್ಣಿಗೆ ತಂಪು ತಟ್ಟುವಷ್ಟು ಮೆಂಥಾಲ್ ಏಳಬೇಕು. ಎಲೆ ಹಸಿರಾಗಿರಬೇಕು, ಕಪ್ಪು ಮಚ್ಚೆ ಎಂದರೆ ರಾಶಿಯಲ್ಲಿ ಬಿಸಿಯೇರಿದ್ದು. ಮಜ್ಜಿಗೆ ಹುಲ್ಲಿನಲ್ಲಿ ಹೊಗೆ ವಾಸನೆ ಇದ್ದರೆ ಸೌದೆ ಒಲೆಯ ಹೊಗೆ ನೇರ ತಾಗುವಂತೆ ಒಣಗಿಸಿದ್ದಾರೆ. ಹೊಗೆಯಿಂದ ಆಂಥ್ರಾಕ್ವಿನೋನ್‌ನಂಥ ಬೇಡದ ಅಂಶ ಸೇರುತ್ತದೆ, ಐರೋಪ್ಯ ಬಂದರುಗಳಲ್ಲಿ ಮಾಲು ತಿರಸ್ಕೃತವಾಗಲು ಅದೂ ಒಂದು ಕಾರಣ. ಪುದೀನ 1.5 ಗ್ರಾಂ, 5 ನಿಮಿಷ. ಮಜ್ಜಿಗೆ ಹುಲ್ಲು 2 ಗ್ರಾಂ, ನಾರಿನ ಎಲೆಯಾದ್ದರಿಂದ 7ರಿಂದ 10 ನಿಮಿಷ. ಎದೆಯುರಿ ಇರುವವರಿಗೆ ಪುದೀನ ಒಗ್ಗುವುದಿಲ್ಲ.

ಬಿಡಿಯೋ, ಚೀಲವೋ, ಮಿಶ್ರಣವೋ

ಒಂದೇ ಮೂಲಿಕೆಯ ಬಿಡಿ ಎಲೆ ಕೊಳ್ಳುವುದು ಮೂರು ರೀತಿಯಲ್ಲಿ ಲಾಭ: ನೋಡಿ ಪರೀಕ್ಷಿಸಬಹುದು, ಗ್ರಾಂ ಲೆಕ್ಕದಲ್ಲಿ ಅಗ್ಗ, ಎಲ್ಲಿಯದು ಎಂದು ಹೇಳಲು ಮಾರುವವರಿಗೂ ಸುಲಭ. ಚೀಲದೊಳಗಿರುವುದು ಸಣ್ಣ ಕತ್ತರಿಕೆ. ಬೇಗ ಬಣ್ಣ ಬಿಡುತ್ತದೆ, ಅಷ್ಟೇ ಬೇಗ ಪರಿಮಳ ಕಳೆದುಕೊಳ್ಳುತ್ತದೆ. ಕತ್ತರಿಸಿ ಚೀಲ ತುಂಬುವ ಯಂತ್ರ ದುಬಾರಿಯಾದ್ದರಿಂದ ಆ ಕೆಲಸ ಸಾಮಾನ್ಯವಾಗಿ ಕೊಳ್ಳುವ ದೇಶದಲ್ಲೇ ನಡೆಯುತ್ತದೆ, ಆ ಲಾಭ ಸಂಘಕ್ಕೆ ಹೋಗದು. ಚೀಲವೇ ಬೇಕಾದವರು ಬೆಲೆ ಹೋಲಿಸುವಾಗ ಚೀಲದ ಸಂಖ್ಯೆಯನ್ನಲ್ಲ, ನಿವ್ವಳ ತೂಕವನ್ನು ನೋಡಿ: 20 ಚೀಲದ ಪೊಟ್ಟಣ 20 ಗ್ರಾಂ ಇರುವುದೂ ಉಂಟು, 40 ಗ್ರಾಂ ಇರುವುದೂ ಉಂಟು. ಒಂದು ಗ್ರಾಮಿನ ಚೀಲದಿಂದ ಕ್ಯಾಮೊಮೈಲ್ ಮಾಡಿದರೆ ಬಿಸಿನೀರು ಕುಡಿದಂತೆ.

ಮಿಶ್ರಣಗಳಲ್ಲಿ ಮೋಸ ಹೋಗುವುದು ಸುಲಭ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಮುಂಭಾಗದಲ್ಲಿ ಕ್ಯಾಮೊಮೈಲ್ ಚಿತ್ರ, ಪಟ್ಟಿಯಲ್ಲಿ ಮೊದಲು ಸೇಬಿನ ಚೂರು, ಪುಂಡಿ, ಆಮೇಲೆ ಸುವಾಸನೆ, ಕೊನೆಗೆ ಎಲ್ಲೋ ಶೇ. 4 ಕ್ಯಾಮೊಮೈಲ್: ಇಂಥದ್ದು ಅಪರೂಪವೇನಲ್ಲ. ಪುಂಡಿಯನ್ನು ಬಣ್ಣಕ್ಕೂ ಹುಳಿಗೂ ತುಂಬಿಸುವುದು ರೂಢಿ. ಫೇರ್‌ಟ್ರೇಡ್‌ನ ಸಾಮಾನ್ಯ ಮುದ್ರೆಯಿರುವ ಮಿಶ್ರಣದಲ್ಲಿ ಫೇರ್‌ಟ್ರೇಡ್ ಆಗಿ ಸಿಗುವ ಪದಾರ್ಥಗಳೆಲ್ಲ ಹಾಗೇ ಇರಬೇಕು, ಒಟ್ಟು ಪಾಲು ಕನಿಷ್ಠ ಶೇ. 20 ಆಗಬೇಕು. ಉಳಿದ ಶೇ. 80 ಯಾವುದು ಎಂದು ಹಿಂಬದಿ ಓದದೆ ತಿಳಿಯುವುದಿಲ್ಲ. ಅತಿಮಧುರ ಬೆರೆತ ಮಿಶ್ರಣವನ್ನು ರಕ್ತದೊತ್ತಡ ಇರುವವರು ದಿನಾ ಕುಡಿಯಬಾರದು. ಮಿಶ್ರಣ ಇಷ್ಟವೇ ಆದರೆ ಬಿಡಿ ಮೂಲಿಕೆಗಳನ್ನು ತಂದು ನೀವೇ ಬೆರೆಸಿ: ಎರಡು ಪಾಲು ರೂಯ್ಬಾಸ್‌ಗೆ ಒಂದು ಪಾಲು ಮಜ್ಜಿಗೆ ಹುಲ್ಲು ಹೊಂದುತ್ತದೆ. ಪುಂಡಿಯನ್ನು ಕಾಲು ಪಾಲಿಗಿಂತ ಹೆಚ್ಚು ಹಾಕಿದರೆ ಬೇರೆಲ್ಲ ರುಚಿಯನ್ನು ನುಂಗಿಬಿಡುತ್ತದೆ.

ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ, ಒಲೆಯಿಂದ ದೂರ ಇಡಿ. ಗಾಜಿನ ಭರಣಿ ಕಪಾಟಿನೊಳಗಿದ್ದರೆ ಸರಿ, ಕಿಟಕಿ ಪಕ್ಕ ಬೇಡ. ಪುಂಡಿಯ ಬಣ್ಣ, ಕ್ಯಾಮೊಮೈಲ್‌ನ ಪರಿಮಳ ಮೊದಲು ಹೋಗುತ್ತವೆ. ಪುದೀನವನ್ನು ಬೇರೆ ಯಾವುದರ ಜೊತೆಗೂ ಒಂದೇ ಡಬ್ಬಿಯಲ್ಲಿ ಇಡಬೇಡಿ, ವಾಸನೆ ಎಲ್ಲಕ್ಕೂ ಹತ್ತುತ್ತದೆ. ಹೂವು, ಎಲೆಗಳನ್ನು ಕೊಯ್ಲಿನಿಂದ ಒಂದು ವರ್ಷದೊಳಗೆ ಮುಗಿಸುವುದು ಲೇಸು. ರೂಯ್ಬಾಸ್ ಎರಡು ವರ್ಷ ತಡೆಯುತ್ತದೆ. ಸಣ್ಣ ಬಲೆಯೋ ಹುಳದ ಪುಡಿಯೋ ಕಂಡರೆ ಜರಡಿ ಹಿಡಿದು ಉಳಿಸಿಕೊಳ್ಳಲು ಹೋಗದೆ ಇಡೀ ಡಬ್ಬಿ ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಹೊಸತನ್ನು ತುಂಬಿ.